ಯಾರ ಮುದ್ರೆ ಬೇಕೆಂದು ಮೊದಲು ಕೇಳಿ

ಪ್ರಶ್ನೆ: ನಮ್ಮ ಮಗ ಅಮೆರಿಕದ ಪ್ರಜೆ. ನನಗೂ ನನ್ನ ಪತ್ನಿಗೂ ಗ್ರೀನ್ ಕಾರ್ಡ್ ಅರ್ಜಿ ಹಾಕಲಿದ್ದಾನೆ. ನಾನು ಹುಟ್ಟಿದ್ದು 1956ರಲ್ಲಿ, ಹಳ್ಳಿಯಲ್ಲಿ. ಜನನ ಪ್ರಮಾಣಪತ್ರ ಇಲ್ಲವೇ ಇಲ್ಲ. 1981ರಲ್ಲಿ ದೇವಸ್ಥಾನದಲ್ಲಿ ಮದುವೆಯಾಯಿತು, ನೋಂದಣಿ ಮಾಡಿಸಿಲ್ಲ. ಎಲ್ಲ ದಾಖಲೆಗೂ ಅಪೊಸ್ಟಿಲ್ (ವಿದೇಶದಲ್ಲಿ ತೋರಿಸಲು ಹಾಕಿಸುವ ದೃಢೀಕರಣ ಮುದ್ರೆ) ಮಾಡಿಸಬೇಕು, ನಲವತ್ತು ಸಾವಿರ ರೂಪಾಯಿ ಆಗುತ್ತದೆ ಎಂದು ಏಜೆಂಟರೊಬ್ಬರು ಹೇಳುತ್ತಾರೆ. ಕೊಡಬೇಕೆ?
– ತಿಪಟೂರಿನ ಓದುಗರು

ಉತ್ತರ: ಆ ದುಡ್ಡು ನಿಮ್ಮ ಜೇಬಿನಲ್ಲೇ ಇರಲಿ. ಕುಟುಂಬದ ಆಧಾರದ ಮೇಲೆ ಸಿಗುವ ವಲಸೆ ವೀಸಾಕ್ಕೆ ಅಮೆರಿಕ ಅಪೊಸ್ಟಿಲ್ ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ಸರಿಯಾದ ಕಚೇರಿ ಕೊಟ್ಟ ಮೂಲ ಪ್ರಮಾಣಪತ್ರ, ಜೊತೆಗೆ ಅದರ ಇಂಗ್ಲಿಷ್ ಅನುವಾದ.

ಅಪೊಸ್ಟಿಲ್ ಎಂದರೆ ಏನೋ ಘನವಾದ ಪರಿಶೀಲನೆ ಎಂಬ ಭಾವನೆ ನಮ್ಮಲ್ಲಿದೆ. 1961ರ ಹೇಗ್ ಒಪ್ಪಂದದಿಂದ ಬಂದ ಆ ಚೌಕಾಕಾರದ ಚೀಟಿ ಹೇಳುವುದು ಇಷ್ಟೇ: ಈ ಕಾಗದಕ್ಕೆ ಸಹಿ ಹಾಕಿದ ಅಧಿಕಾರಿ ನಿಜವಾದವರು, ಅವರ ಹುದ್ದೆ ಮತ್ತು ಮುದ್ರೆಯೂ ನಿಜವಾದವು. ಒಳಗೆ ಬರೆದ ಹುಟ್ಟಿದ ದಿನ ಸರಿಯೋ ತಪ್ಪೋ, ಅದಕ್ಕೆ ಸಂಬಂಧವಿಲ್ಲ. ಭಾರತದಲ್ಲಿ ಇದು 2005ರ ಜುಲೈ 14ರಿಂದ ಜಾರಿಯಲ್ಲಿದೆ. ವಿದೇಶಾಂಗ ಸಚಿವಾಲಯದ ಶುಲ್ಕ ಒಂದು ದಾಖಲೆಗೆ ಐವತ್ತು ರೂಪಾಯಿ, ಅದರ ಮೇಲೆ ಅಧಿಕೃತ ಸಂಗ್ರಹ ಕೇಂದ್ರದ ಸಣ್ಣ ಸೇವಾಶುಲ್ಕ. ಐವತ್ತು ರೂಪಾಯಿ ನಲವತ್ತು ಸಾವಿರವಾಗುವ ದಾರಿಯನ್ನು ಆ ಏಜೆಂಟರೇ ವಿವರಿಸಬೇಕು.

ನಿಮ್ಮ ನಿಜವಾದ ಕೆಲಸ ಇರುವುದು ಬೇರೆ ಕಡೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ದೇಶದ ಬಹುಭಾಗದಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಂದು. ಅದಕ್ಕೂ ಮುಂಚೆ ಹುಟ್ಟಿದವರ ಬಳಿ ಪ್ರಮಾಣಪತ್ರ ಇರಲಿಕ್ಕಿಲ್ಲ ಎಂಬುದು ಅಮೆರಿಕದವರಿಗೂ ಗೊತ್ತು. ಹಾಗಾಗಿ ಪರ್ಯಾಯ ದಾಖಲೆಗಳನ್ನು ಒಪ್ಪುತ್ತಾರೆ. ಮೊದಲು, ನೀವು ಹುಟ್ಟಿದ ಊರಿನ ಜನನ ನೋಂದಣಾಧಿಕಾರಿಗೆ ಅರ್ಜಿ ಕೊಟ್ಟು ಹಳೆಯ ವಹಿಗಳನ್ನು ಹುಡುಕಿಸಿ, ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ ಪಡೆಯಿರಿ. ಅದರ ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಶಾಲೆಯ ವರ್ಗಾವಣೆ ಪತ್ರ. ಅದರ ಮೇಲೆ, ನಿಮ್ಮ ಜನನವನ್ನು ಸ್ವತಃ ಬಲ್ಲ ಇಬ್ಬರು ಹಿರಿಯರ ಪ್ರಮಾಣಿತ ಹೇಳಿಕೆ. ಸೋದರಮಾವನೋ ಅಕ್ಕನೋ ಬದುಕಿದ್ದರೆ ಈ ವಾರವೇ ಹೋಗಿ ಬರೆಸಿಕೊಳ್ಳಿ. ಈ ಒಂದು ದಾಖಲೆ ಮಾತ್ರ ನಿಮಗಾಗಿ ಕಾಯುವುದಿಲ್ಲ.

‘ಈಗಲೇ ತಡ ನೋಂದಣಿ ಮಾಡಿಸಿ ಹೊಸ ಜನನ ಪ್ರಮಾಣಪತ್ರ ತರಬಹುದಲ್ಲ’ ಎಂದು ಯಾರಾದರೂ ಹೇಳುತ್ತಾರೆ. ತರಬಹುದು, ಕಾನೂನಿನಲ್ಲಿ ದಾರಿ ಇದೆ. ಆದರೆ ಎಪ್ಪತ್ತರ ಹತ್ತಿರದ ಮನುಷ್ಯನಿಗೆ ಕಳೆದ ತಿಂಗಳು ಹುಟ್ಟಿದ ಪ್ರಮಾಣಪತ್ರ ನೋಡಿದ ಅಧಿಕಾರಿ ಮತ್ತೆ ಹಳೆಯ ಶಾಲಾ ದಾಖಲೆಯನ್ನೇ ಕೇಳುವ ಸಂಭವ ಹೆಚ್ಚು. ನನ್ನ ಮತ ಕೇಳಿದರೆ, ಶಾಲಾ ದಾಖಲೆ ಇರುವವರು ಆ ಸುತ್ತಿಗೆ ಹೋಗಬೇಡಿ.

ಇನ್ನೊಂದು ತೊಡಕು ನಿಮ್ಮ ತಲೆಮಾರಿನದೇ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಲೆಕ್ಕ ಹಾಕಿ ಬರೆದ ಜೂನ್ 1, ಮನೆಯ ಜಾತಕದಲ್ಲಿ ಕಾರ್ತಿಕ ಮಾಸ. ಪಾಸ್‌ಪೋರ್ಟಿನಲ್ಲಿ ಯಾವುದಿದೆಯೋ ಹಿರಿಯರ ಹೇಳಿಕೆಯಲ್ಲೂ ಅದೇ ಬರಬೇಕು ಎಂದು ಬಹಳ ಜನ ಅವರ ಬಾಯಿಗೆ ತಾರೀಖು ತುರುಕುತ್ತಾರೆ. ಹಾಗೆ ಮಾಡಬೇಡಿ, ಅದು ಸುಳ್ಳು ಪ್ರಮಾಣ. ತಾರೀಖು ನೆನಪಿಲ್ಲದಿದ್ದರೆ ಯಾವ ಊರು, ಯಾರ ಮನೆ, ತಂದೆತಾಯಿ ಯಾರು, ತಮಗೆ ಅದು ಹೇಗೆ ಗೊತ್ತು ಎಂಬಷ್ಟನ್ನು ಅವರು ಹೇಳಲಿ. ಶಾಲೆಯ ತಾರೀಖು ಬೇರೆ ಇದ್ದರೆ ಏಕೆ ಬೇರೆ ಎಂದು ನೀವೇ ಒಂದು ವಾಕ್ಯದಲ್ಲಿ ಬರೆದುಕೊಡಿ.

ಮದುವೆಯ ನೋಂದಣಿಯನ್ನು ಮಾತ್ರ ಮುಂದೂಡಬೇಡಿ. ಮಗ ತಾಯಿಗೂ ತಂದೆಗೂ ಪ್ರತ್ಯೇಕ ಅರ್ಜಿ ಹಾಕಬೇಕು. ತಾಯಿಯ ಅರ್ಜಿಗೆ ಅವರ ಹೆಸರಿರುವ ಮಗನ ಜನನ ಪ್ರಮಾಣಪತ್ರ ಆಧಾರ. ನಿಮ್ಮ ಅರ್ಜಿಗೆ ಅದರ ಜೊತೆಗೆ ನಿಮ್ಮಿಬ್ಬರ ಮದುವೆಯ ಪುರಾವೆಯೂ ಬೇಕು. ಹಳೆಯ ಮದುವೆಯನ್ನೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ಈಗ ನೋಂದಾಯಿಸಬಹುದು. ಲಗ್ನಪತ್ರಿಕೆ ಅಟ್ಟದ ಮೇಲಿನ ಟ್ರಂಕಿನಲ್ಲಿದ್ದರೆ ತೆಗೆದಿಡಿ. ಪ್ರಮಾಣಪತ್ರದಲ್ಲಿ ಮದುವೆಯ ದಿನ, ನೋಂದಣಿಯ ದಿನ ಎಂದು ಎರಡು ತಾರೀಖು ಇರುತ್ತವೆ. ಅರ್ಜಿಯಲ್ಲಿ ಬರೆಯಬೇಕಾದದ್ದು 1981ರದ್ದು.

ಕನ್ನಡದಲ್ಲಷ್ಟೇ ಇರುವ ದಾಖಲೆಗಳಿಗೆ ಅನುವಾದ ಲಗತ್ತಿಸಿ. ಎರಡೂ ಭಾಷೆ ಬಲ್ಲವರು ಅನುವಾದಿಸಿ, ‘ಇದು ಪೂರ್ಣ ಮತ್ತು ಸರಿ, ನನಗೆ ಎರಡೂ ಭಾಷೆ ಬರುತ್ತದೆ’ ಎಂದು ಬರೆದು ಸಹಿ ಮಾಡಬೇಕು. ಅದನ್ನು ಮನೆಯವರಿಂದ ಮಾಡಿಸದಿರುವುದು ಒಳ್ಳೆಯದು. ನನ್ನ ಮೇಜಿಗೆ ಬಂದ ಒಂದು ಅನುವಾದದಲ್ಲಿ ‘ಗಂಗಮ್ಮ ಕೋಂ ರಂಗಪ್ಪ’ ಎಂಬುದು ಮೂರು ಪದದ ಒಂದೇ ಹೆಸರಾಗಿತ್ತು. ‘ಕೋಂ’ ಎಂದರೆ ಹೆಂಡತಿ, ‘ಬಿನ್’ ಎಂದರೆ ಮಗ ಎಂಬುದು ನಮ್ಮ ಕಂದಾಯ ಕಚೇರಿಗಳಿಗೆ ಗೊತ್ತು, ಪರದೇಶದ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಆ ಎರಡು ಅಕ್ಷರವನ್ನು ಬಿಡಿಸಿ ಬರೆಸಿ.

ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅರ್ಜಿ ಹಾಕಿ, ಶುಲ್ಕ 500 ರೂಪಾಯಿ. ಹದಿನಾರು ದಾಟಿದ ಎಲ್ಲರಿಗೂ ಇದು ಬೇಕು, ಜೀವಮಾನದಲ್ಲಿ ಠಾಣೆಯ ಮೆಟ್ಟಿಲು ಹತ್ತದ ನಿಮ್ಮ ಮನೆಯವರಿಗೂ.

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದೇನೆ, ದುಬೈಗೆ ಹೋಗುತ್ತಿದ್ದೇನೆ. ಪದವಿ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮಾಡಿಸಿದರೆ ಸಾಕೆ? ಅಪ್ಪ ಅದನ್ನು ಲ್ಯಾಮಿನೇಟ್ ಮಾಡಿಸಿಟ್ಟಿದ್ದಾರೆ.
– ಕುಂದಾಪುರದ ಓದುಗರು

ಉತ್ತರ: ಸಾಲದು. ಅಪೊಸ್ಟಿಲ್ ಒಪ್ಪಂದದಲ್ಲಿ ಒಮಾನ್ ಮತ್ತು ಬಹ್ರೇನ್ ಇವೆ, ಸೌದಿ ಅರೇಬಿಯಾ 2022ರ ಡಿಸೆಂಬರಿನಿಂದ ಬಂದಿದೆ. ದುಬೈ ಇರುವ ಯುಎಇ, ಕುವೈತ್, ಕತಾರ್ ಇಲ್ಲ. ಯುಎಇಗೆ ಹಳೆಯ ಸರಪಳಿಯೇ ನಡೆಯಬೇಕು: ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಇಲ್ಲಿನ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ. ಒಂದು ಕೊಂಡಿ ತಪ್ಪಿದರೆ ಮುಂದಿನವರು ಮುಟ್ಟುವುದಿಲ್ಲ. ಇಷ್ಟೆಲ್ಲ ಮುದ್ರೆ ಬಿದ್ದರೂ ದುಬೈ ಆರೋಗ್ಯ ಪ್ರಾಧಿಕಾರದ ಪರವಾನಗಿಗೆ ಡೇಟಾಫ್ಲೋ ಎಂಬ ಸಂಸ್ಥೆಯ ಪರಿಶೀಲನೆ ಬೇರೆಯೇ ನಡೆಯುತ್ತದೆ. ಅವರು ನೇರವಾಗಿ ನಿಮ್ಮ ವಿಶ್ವವಿದ್ಯಾಲಯ ಮತ್ತು ನರ್ಸಿಂಗ್ ಪರಿಷತ್ತನ್ನು ಕೇಳುತ್ತಾರೆ. ಎರಡನ್ನೂ ಒಟ್ಟಿಗೆ ಶುರುಮಾಡಿ.

ಲ್ಯಾಮಿನೇಷನ್ ವಿಷಯದಲ್ಲಿ ಅಪ್ಪನನ್ನು ಬೈಯಬೇಡಿ. ಮಳೆಗಾಲದ ಕರಾವಳಿಯಲ್ಲಿ ಗೆದ್ದಲು, ತೇವ ಎರಡನ್ನೂ ಕಂಡವರು ಹಾಗೆಯೇ ಮಾಡುತ್ತಾರೆ. ಆದರೆ ಪ್ಲಾಸ್ಟಿಕ್ ಮೇಲೆ ಮುದ್ರೆ ನಿಲ್ಲುವುದಿಲ್ಲ, ಸಹಿ ಇಳಿಯುವುದಿಲ್ಲ. ಇಸ್ತ್ರಿ ಪೆಟ್ಟಿಗೆಯ ಬಿಸಿ ತಾಗಿಸಿ ಬಿಡಿಸಲು ಹೋಗಿ, ಕುಲಪತಿಗಳ ಸಹಿ ಸಮೇತ ಕಾಗದದ ಮೇಲ್ಪದರ ಹಾಳೆಗಂಟಿ ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ದೃಢೀಕರಿಸುವ ಕಚೇರಿಯಲ್ಲಿ ಮೊದಲು ವಿಚಾರಿಸಿ. ಅವರು ಒಪ್ಪದಿದ್ದರೆ ವಿಶ್ವವಿದ್ಯಾಲಯಕ್ಕೆ ನಕಲು ಪ್ರತಿಗಾಗಿ ಅರ್ಜಿ ಹಾಕುವುದೇ ಕ್ಷೇಮ, ಸ್ವಲ್ಪ ವಾರ ಹಿಡಿದರೂ.

ಪ್ರಶ್ನೆ: ಕೆನಡಾ ಈಗ ಅಪೊಸ್ಟಿಲ್ ಒಪ್ಪಂದ ಸೇರಿದೆಯಂತೆ. ಪಿಆರ್ (ಕಾಯಂ ವಾಸ) ಅರ್ಜಿಗೆ ನನ್ನ ಬಿ.ಇ. ಪದವಿಗೆ ಆ ಮುದ್ರೆ ಬೇಕೆ?
– ಹುಬ್ಬಳ್ಳಿಯ ಓದುಗರು

ಉತ್ತರ: ಸೇರಿದ್ದು ನಿಜ, 2024ರ ಜನವರಿ 11ರಿಂದ ಜಾರಿ. ಆದರೆ ಕೆಲಸದ ಕೌಶಲ ನೋಡಿ ಪಿಆರ್ ಕೊಡುವ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಗೆ ಬೇಕಾದದ್ದು ಶೈಕ್ಷಣಿಕ ಮೌಲ್ಯಮಾಪನದ ವರದಿ, ಅಂದರೆ ನಿಮ್ಮ ಪದವಿ ಅಲ್ಲಿನ ಯಾವ ಪದವಿಗೆ ಸಮ ಎಂಬ ವರದಿ. ಅದನ್ನು ಕೊಡುವ ಸಂಸ್ಥೆಗೆ ಯಾವ ಕಾಗದ, ಯಾರಿಂದ, ಯಾವ ಬಗೆಯಲ್ಲಿ ಹೋಗಬೇಕೆಂಬ ಪಟ್ಟಿ ಅದರ ಜಾಲತಾಣದಲ್ಲೇ ಇರುತ್ತದೆ. ಸಾಮಾನ್ಯವಾಗಿ ಅಂಕಗಳ ವಿವರ ನಿಮ್ಮ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕು. ಹಾಗಾಗಿ ಮೊದಲ ಪ್ರಯಾಣ ಅಪೊಸ್ಟಿಲ್ ಹುಡುಕಿಕೊಂಡು ದೆಹಲಿಗಲ್ಲ, ನಿಮ್ಮ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ.