ಹಲ್ಲು–ಆರೋಗ್ಯ: ರಾತ್ರಿಯ ಸಿರಪ್, ಬೆಳಗಿನ ಬಿಳಿ ಗೆರೆ

ಪ್ರಶ್ನೆ: ಮಗನಿಗೆ ಮೂರು ವರ್ಷ. ಮಳೆ ಹಿಡಿದರೆ ಉಬ್ಬಸ, ಕೆಮ್ಮು. ಜೂನ್‌ನಿಂದ ದಿನವೂ ಮಲಗಿಸುವಾಗ ಸಿರಪ್ ಕುಡಿಸುತ್ತಿದ್ದೇವೆ. ಈಗ ಮೇಲಿನ ಮುಂಹಲ್ಲುಗಳ ಬುಡದಲ್ಲಿ ಬಿಳಿ ಗೆರೆ ಕಾಣುತ್ತಿದೆ. ಔಷಧ ನಿಲ್ಲಿಸಬೇಕೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಮಗುವಿನ ಉಸಿರಾಟ ಮೊದಲು, ಹಲ್ಲು ಆಮೇಲೆ. ಬದಲಾಗಬೇಕಾದದ್ದು ಔಷಧ ಕೊಡುವ ಹೊತ್ತು ಮತ್ತು ಕೊಟ್ಟ ಮೇಲಿನ ಎರಡು ನಿಮಿಷ.

ಔಷಧದ ಕಹಿ ಮರೆಸಲು ಬಳಸುವ ಸಾದಾ ಸಿರಪ್‌ನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆ. ಬಾಯಿಯ ಬ್ಯಾಕ್ಟೀರಿಯಾ ಅದನ್ನು ಆಮ್ಲವಾಗಿಸುತ್ತವೆ. ಸಾಲದ್ದಕ್ಕೆ ಹಲವು ಸಿರಪ್‌ಗಳಲ್ಲಿ ಸಿಟ್ರಿಕ್ ಆಮ್ಲವೂ ಇರುತ್ತದೆ. ಹಲ್ಲಿನ ಮೇಲೆ ಪಿಎಚ್ (ಆಮ್ಲದ ಅಳತೆ; ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನ ಖನಿಜ ಕರಗತೊಡಗುತ್ತದೆ. ಹಗಲಿನಲ್ಲಾದರೆ ಜೊಲ್ಲು ಅದನ್ನು ತೊಳೆದು ಸರಿಪಡಿಸುತ್ತದೆ. ನಿದ್ದೆಯಲ್ಲಿ ಜೊಲ್ಲು ಊರುವುದೇ ಕಡಿಮೆ. ನೆಗಡಿ ಔಷಧದಲ್ಲಿನ ಕ್ಲೋರ್‌ಫೆನಿರಮೈನ್ ಬಾಯಿಯನ್ನು ಇನ್ನಷ್ಟು ಒಣಗಿಸುತ್ತದೆ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವ ಮಗುವಿಗಂತೂ ಕೇಳುವುದೇ ಬೇಡ. ಕೆಳಗಿನ ಮುಂಹಲ್ಲುಗಳ ಹಿಂದೆಯೇ ಜೊಲ್ಲುಗ್ರಂಥಿಯ ನಾಳ ತೆರೆಯುವುದರಿಂದ ಅವು ಬಚಾವಾಗುತ್ತವೆ, ಮೇಲಿನವು ಸಿಕ್ಕಿಬೀಳುತ್ತವೆ.

ತುಟಿ ಎತ್ತಿ, ಒಣ ಹತ್ತಿಬಟ್ಟೆಯಿಂದ ಹಲ್ಲು ಒರೆಸಿ ಬೆಳಕಿನಲ್ಲಿ ನೋಡಿ. ಗೆರೆ ಸುಣ್ಣದಂತೆ ಹೊಳಪಿಲ್ಲದೆ ಇದ್ದರೆ ಹುಳುಕು ಈಗಷ್ಟೇ ಶುರುವಾಗಿದೆ, ಇನ್ನೂ ಹಿಮ್ಮೆಟ್ಟಿಸಬಹುದು. ಕಂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ದಿದ್ದರೆ ತಡಮಾಡಬೇಡಿ. ಎರಡೂ ಸಂದರ್ಭದಲ್ಲಿ ಮಕ್ಕಳ ದಂತವೈದ್ಯರಿಗೆ ತೋರಿಸಿ (ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ). ಅವರು ಫ್ಲೋರೈಡ್ ವಾರ್ನಿಶ್ (ಹಲ್ಲನ್ನು ಗಟ್ಟಿಯಾಗಿಸುವ ಲೇಪ) ಹಚ್ಚುತ್ತಾರೆ.

ರಾತ್ರಿಯ ಡೋಸನ್ನು ಊಟದ ಹೊತ್ತಿಗೆ ತರಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಸೂಜಿಯಿಲ್ಲದ ಸಿರಿಂಜ್‌ನಿಂದ, ಮುಂಹಲ್ಲಿಗೆ ತಾಗದಂತೆ ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ. ಕೂಡಲೇ ಎರಡು ಮೂರು ಗುಟುಕು ನೀರು ಕುಡಿಸಿ. ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡಿಸಿ. ಆಮ್ಲ ತಾಗಿ ಮೆದುವಾದ ಎನಾಮಲ್ ಆಗಲೇ ಉಜ್ಜಿದರೆ ಸವೆಯುತ್ತದೆ. ಪೇಸ್ಟ್ 1000 ಪಿಪಿಎಂ (ಹತ್ತು ಲಕ್ಷದಲ್ಲಿ 1000 ಪಾಲು) ಫ್ಲೋರೈಡ್‌ನದು, ಬಟಾಣಿ ಗಾತ್ರ; ಮೂರು ತುಂಬದವರಿಗೆ ಅಕ್ಕಿಕಾಳಿನಷ್ಟು. ಆಮೇಲೆ ನೀರು ಬಿಟ್ಟು ಏನೂ ಬೇಡ. ಜೇನಿಗೇನೂ ಕೊರತೆಯಿಲ್ಲದ ಕೊಡಗಿನಲ್ಲಿ ಮಾತ್ರೆ ಅರೆದು ಜೇನಿನಲ್ಲಿ ನೆಕ್ಕಿಸುವವರಿದ್ದಾರೆ. ಹಲ್ಲಿಗೆ ಅದೂ ಸಕ್ಕರೆಯೇ, ವರ್ಷ ತುಂಬದ ಕೂಸಿಗಂತೂ ಜೇನು ಕೂಡದು.

ಸಕ್ಕರೆರಹಿತ ಸಿರಪ್ ಸಿಕ್ಕರೆ ಒಳ್ಳೆಯದು, ಆದರೆ ಅದರಲ್ಲೂ ಆಮ್ಲ ಇರಬಹುದು, ನೀರು ತಪ್ಪಿಸಬೇಡಿ. ಇನ್ಹೇಲರ್ ಸಾಧ್ಯವೇ ಎಂದೂ ವಿಚಾರಿಸಿ. ಅದನ್ನು ಬಳಸಿದ ಮೇಲೂ ಬಾಯಿ ತೊಳೆಸಬೇಕು. ಬಾಟಲಿಯಲ್ಲಿರುವುದು ಬರೀ ಕೆಮ್ಮು-ನೆಗಡಿಯ ಸಿರಪ್ ಆಗಿದ್ದರೆ ಅದು ಬೇಕೇ ಎಂದೇ ಕೇಳಿ: ಐದು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಅವನ್ನು ಶಿಫಾರಸು ಮಾಡುವುದಿಲ್ಲವೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ಹೇಳಿದೆ.

ಪ್ರಶ್ನೆ: ಐರನ್ ಡ್ರಾಪ್ಸ್ ಶುರುಮಾಡಿದ ಮೇಲೆ ಮಗಳ ಹಲ್ಲು ಕಪ್ಪಾಗಿದೆ. ಹುಳುಕೇ?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಮೇಲ್ಮೈ ನುಣುಪಾಗಿದ್ದು ಬಣ್ಣ ಮಾತ್ರ ಕಪ್ಪಾಗಿದ್ದರೆ ಬಹುತೇಕ ಅದು ಕಬ್ಬಿಣದ ಕಲೆ, ದಂತವೈದ್ಯರು ಪಾಲಿಶ್ ಮಾಡಿ ತೆಗೆಯುತ್ತಾರೆ. ಉಪ್ಪು, ಇದ್ದಿಲು ಹಾಕಿ ಉಜ್ಜಬೇಡಿ. ಹನಿಯನ್ನು ಸ್ವಲ್ಪ ನೀರಿನಲ್ಲಿ ಬೆರೆಸಿ, ನಾಲಿಗೆಯ ಹಿಂಭಾಗಕ್ಕೆ ಹಾಕಿ, ಮೇಲೆ ನೀರು ಕುಡಿಸಿ. ಹಾಲಿನಲ್ಲಿ ಬೇಡ, ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.