ಹಾಡು ನಿಮ್ಮದು, ಹಕ್ಕು ಯಾರದು?

ಪ್ರಶ್ನೆ: ನಾನು ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ ಉಪನ್ಯಾಸಕಿ. ನಾನೇ ಬರೆದು, ರಾಗ ಹಾಕಿ, ಗೆಳೆಯರೊಬ್ಬರಿಂದ ಕೀಬೋರ್ಡ್ ನುಡಿಸಿ, ಕೋಣೆಯ ಕಿಟಕಿಗೆ ಹಾಸಿಗೆ ಒರಗಿಸಿ ಧ್ವನಿಮುದ್ರಿಸಿದ ಪಾಪ್ ಗೀತೆಯೊಂದಕ್ಕೆ ಬೆಂಗಳೂರಿನ ಸಂಗೀತ ಸಂಸ್ಥೆಯೊಂದು ಎಲ್ಲ ಹಕ್ಕುಗಳೂ ಸೇರಿ 40,000 ರೂಪಾಯಿ ಕೊಡುತ್ತೇವೆಂದು ಕರಾರುಪತ್ರ ಕಳುಹಿಸಿದೆ. ಸಹಿ ಹಾಕಲೇ? ಕೆಲಸ ಬಿಟ್ಟು ಹಾಡನ್ನೇ ನಂಬಬಹುದೇ?

ಉತ್ತರ: ಈ ರೂಪದಲ್ಲಿ ಸಹಿ ಹಾಕಬೇಡಿ. ನೀವು ಕಳುಹಿಸಿದ ಪ್ರತಿಯಲ್ಲಿ ಸಾಹಿತ್ಯ, ಸಂಯೋಜನೆ, ಧ್ವನಿಮುದ್ರಣ ಮೂರನ್ನೂ ಒಂದೇ ವಾಕ್ಯಕ್ಕೆ ತುರುಕಿ ‘ಶಾಶ್ವತವಾಗಿ, ವಿಶ್ವದಾದ್ಯಂತ’ ಬರೆಸಿಕೊಳ್ಳಲಾಗಿದೆ. ಕಾನೂನಿನ ಪ್ರಕಾರ ಇವು ಮೂರು ಬೇರೆ ಬೇರೆ ಕೃತಿಗಳು. ಕರಾರಿನಲ್ಲಿ ಅವಧಿಯನ್ನು ಹೇಳದಿದ್ದರೆ ಅದು 5 ವರ್ಷಕ್ಕೆ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದು ಕೃತಿಸ್ವಾಮ್ಯ ಕಾಯ್ದೆ ಭಾವಿಸುವುದರಿಂದಲೇ ಆ ಎರಡು ಪದಗಳನ್ನು ಅಷ್ಟು ಮುತುವರ್ಜಿಯಿಂದ ಸೇರಿಸಿರುವುದು. ‘ಮುಂದೆ ರಾಯಲ್ಟಿ (ಹಾಡು ಬಳಕೆಯಾದಂತೆ ಬರುವ ಹಣದ ಪಾಲು) ಕೇಳುವುದಿಲ್ಲ’ ಎಂಬ ಕಲಮು ಮಾತ್ರ ನಿಲ್ಲುವಂಥದ್ದಲ್ಲ. 1957ರ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ, ಹಕ್ಕನ್ನು ವಹಿಸಿಕೊಟ್ಟ ಮೇಲೂ ಸಾಹಿತಿ ಮತ್ತು ಸಂಯೋಜಕರು ರಾಯಲ್ಟಿಯಲ್ಲಿ ತಮಗಿರುವ ಸಮಪಾಲನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಬೇರೆ ಯಾರಿಗೂ ಬಿಟ್ಟುಕೊಡುವಂತಿಲ್ಲ. ಆದರೆ ಸಹಿ ಹಾಕಿದ ಮೇಲೆ ಇದನ್ನು ಸಾಧಿಸಲು ವಕೀಲರ ಮನೆ ಬಾಗಿಲು ತಟ್ಟಬೇಕಾಗುತ್ತದೆ.

ಸಾಹಿತ್ಯ ಮತ್ತು ರಾಗವನ್ನು ನಿಮ್ಮಲ್ಲೇ ಉಳಿಸಿಕೊಂಡು, ಧ್ವನಿಮುದ್ರಣವನ್ನಷ್ಟೇ ಮೂರು ವರ್ಷದ ಪರವಾನಗಿಯ ಮೇಲೆ ಕೊಡುವುದಾಗಿ ಹೇಳಿ ನೋಡಿ. ಒಪ್ಪದಿದ್ದರೆ, ಸ್ವತಂತ್ರ ಕಲಾವಿದರ ಹಾಡುಗಳನ್ನು ಸ್ಪಾಟಿಫೈ, ಆಪಲ್ ಮ್ಯೂಸಿಕ್ ಮೊದಲಾದವುಗಳಿಗೆ ತಲುಪಿಸುವ ವಿತರಕರಿದ್ದಾರೆ; ಪ್ರತಿ ಧ್ವನಿಮುದ್ರಣಕ್ಕೂ ಅದರ ಗುರುತಾಗಿ ಇರಬೇಕಾದ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಕೇತವನ್ನು ಸಾಮಾನ್ಯವಾಗಿ ಅವರೇ ಒದಗಿಸುತ್ತಾರೆ. ಗೀತರಚನೆಕಾರರ ಮತ್ತು ಸಂಯೋಜಕರ ಪರವಾಗಿ ರಾಯಲ್ಟಿ ಸಂಗ್ರಹಿಸುವ, 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ ಎಂಬ ಕೃತಿಸ್ವಾಮ್ಯ ಸಂಘದ ಸದಸ್ಯತ್ವವನ್ನೂ ಪಡೆಯಿರಿ. ಕೀಬೋರ್ಡ್ ನುಡಿಸಿದ ಗೆಳೆಯರಿಗೆ ಕೊಟ್ಟ ಹಣವೆಷ್ಟು, ಧ್ವನಿಮುದ್ರಣ ಯಾರದು ಎಂಬುದನ್ನು ಸ್ನೇಹ ಚೆನ್ನಾಗಿರುವಾಗಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿಕೊಳ್ಳಿ. (ಎರಡನೆಯ ಚರಣದ ಕೊನೆಯಲ್ಲಿ ಕುಕ್ಕರಿನ ಸೀಟಿ ಕೇಳಿಸುತ್ತದೆ. ನನ್ನನ್ನು ಕೇಳಿದರೆ ಅದನ್ನು ತೆಗೆಯಬೇಡಿ.)

ಕೆಲಸ ಬಿಡುವ ಮಾತು ಈಗ ಬೇಡ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ಸ್ಪಾಟಿಫೈ 2024ರಿಂದ ಹಣವನ್ನೇ ಕೊಡುತ್ತಿಲ್ಲ. ಆ ಗಡಿ ದಾಟಿದವರಿಗೂ ಸಿಗುವುದು ಪುಡಿಗಾಸು. ಹೊಟ್ಟೆ ತುಂಬಿಸುವುದು ಬಹುಮಟ್ಟಿಗೆ ವೇದಿಕೆ. ರಘು ದೀಕ್ಷಿತ್ ಅವರು ಸೂಕ್ಷ್ಮಜೀವಿಶಾಸ್ತ್ರ ಓದಿ, ಉದ್ಯೋಗವನ್ನೂ ಮಾಡಿ, ಬಹಳ ಕಾಲ ವೇದಿಕೆಗಳಲ್ಲಿ ಹಾಡಿದ ಮೇಲೆ, 2008ರಲ್ಲಿ ಅವರ ಮೊದಲ ಆಲ್ಬಂ ಬಂತು. ನಿಮ್ಮಲ್ಲಿರುವುದು ಒಂದೇ ಹಾಡು. ಇನ್ನೂ ಏಳೆಂಟು ಬರೆದು, ಕಾಲೇಜು ಉತ್ಸವ, ಗಣೇಶೋತ್ಸವ, ರಾಜ್ಯೋತ್ಸವಗಳಲ್ಲಿ ಹಾಡಿ. ಸಂಬಳದ ಅರ್ಧದಷ್ಟಾದರೂ ಸಂಭಾವನೆ ವರ್ಷವಿಡೀ ಬಂದಾಗ ಮತ್ತೆ ಪತ್ರ ಬರೆಯಿರಿ.

ಪ್ರಶ್ನೆ: ನಾನು ಮುಳಬಾಗಿಲಿನವನು. ನಮ್ಮೂರಿನವರೇ ಆದ ಡಿ.ವಿ.ಜಿ.ಯವರ ಪದ್ಯಗಳಿಗೆ ಗಿಟಾರಿನಲ್ಲಿ ಹೊಸ ರಾಗ ಹಾಕಿ ಬಿಡುಗಡೆ ಮಾಡಬಹುದೇ?

ಉತ್ತರ: ಅನುಮತಿ ಪಡೆದು ಮಾಡಬಹುದು. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳ ಕಾಲ ಕೃತಿಸ್ವಾಮ್ಯ ಇರುತ್ತದೆ. ಡಿ.ವಿ.ಜಿ. 1975ರಲ್ಲಿ ನಿಧನರಾದ್ದರಿಂದ ಅವರ ಪದ್ಯಗಳ ಹಕ್ಕು 2035ರ ಕೊನೆಯವರೆಗೂ ಉಳಿಯುತ್ತದೆ. ಪುಸ್ತಕದ ಹಕ್ಕುಪುಟದಲ್ಲಿರುವ ವಿಳಾಸಕ್ಕೆ, ಯಾವ ಪದ್ಯ, ಎಷ್ಟು ಸಾಲು ಎಂಬ ವಿವರದೊಡನೆ ಬರೆದು, ಉತ್ತರವನ್ನು ಲಿಖಿತವಾಗಿಯೇ ಪಡೆದುಕೊಳ್ಳಿ.