ಒಂದು ಸೇರು ಅಕ್ಕಿ ಜಾಸ್ತಿ

ಓದುಗರ ಪತ್ರ (ಸಂಕ್ಷಿಪ್ತವಾಗಿ): ನಮ್ಮದು ಮಠದ ಆಶ್ರಯದಲ್ಲಿರುವ ಸಣ್ಣ ಟ್ರಸ್ಟ್. ಬಡ ಮಕ್ಕಳಿಗೆ ಉಚಿತ ಹಾಸ್ಟೆಲ್ ನಡೆಸುತ್ತೇವೆ. ಈಗ ಹೊಸ ಟ್ರಸ್ಟಿಗಳು ಬೆಂಗಳೂರಿನ ಏಜೆನ್ಸಿಯಿಂದ ಲೋಗೊ, ಟ್ಯಾಗ್‌ಲೈನ್, ವಿಷನ್ ಎಲ್ಲ ಮಾಡಿಸೋಣ ಅನ್ನುತ್ತಿದ್ದಾರೆ. ಹಿರಿಯರು ‘ದೇವರ ಕೆಲಸಕ್ಕೆ ಜಾಹೀರಾತು ಯಾಕೆ’ ಅನ್ನುತ್ತಾರೆ. ಮಠದ ಹೆಸರಿದ್ದರೆ ಕಂಪನಿಗಳು ದುಡ್ಡು ಕೊಡುವುದಿಲ್ಲ, ಹೆಸರನ್ನೇ ಬದಲಿಸಿ ಎಂಬ ಮಾತೂ ಬಂದಿದೆ. ನಾವೇ ಬರೆದ ಒಂದು ಸಾಲು ಜೊತೆಗಿದೆ. ತಿದ್ದಿ ಕೊಡುತ್ತೀರಾ?
— ಒಬ್ಬ ಕಾರ್ಯದರ್ಶಿ

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ನಿಮ್ಮ ಸಾಲನ್ನೇ ನೋಡೋಣ. ‘ಸಮಾಜದ ಸರ್ವತೋಮುಖ ಅಭಿವೃದ್ಧಿಗಾಗಿ ಮೌಲ್ಯಾಧಾರಿತ, ಸಮಗ್ರ ಹಾಗೂ ಸುಸ್ಥಿರ ಸೇವೆಗೆ ಬದ್ಧವಾದ ಸಂಸ್ಥೆ.’ ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ನಿಮ್ಮೂರಿನ ಸಹಕಾರಿ ಬ್ಯಾಂಕಿನ ಬೋರ್ಡಿಗೆ ಅಂಟಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ನಾನು ಕೆಂಪು ಪೆನ್ನು ಹಿಡಿದು ಕೂತೆ. ‘ಸಮಗ್ರ’ ಹೋಯಿತು. ‘ಸುಸ್ಥಿರ’ ಹೋಯಿತು. ‘ಸರ್ವತೋಮುಖ’ವೂ ಹೋಯಿತು. ಕೊನೆಗೆ ‘ಸಂಸ್ಥೆ’ ಒಂದೇ ಉಳಿಯಿತು.

ಹಿರಿಯರ ಆಕ್ಷೇಪಕ್ಕೆ ಬರುತ್ತೇನೆ. ಬ್ರ್ಯಾಂಡಿಂಗ್ ಅನ್ನೋ ಪದ ಹೊಸದು, ಕೆಲಸ ಹಳೆಯದು. 1897ರಲ್ಲಿ ರಾಮಕೃಷ್ಣ ಮಿಷನ್ ಕಟ್ಟಿದ ವಿವೇಕಾನಂದರು ಅದರ ಲಾಂಛನವನ್ನು ಏಜೆನ್ಸಿಗೆ ಕೊಡಲಿಲ್ಲ, ತಾವೇ ರೂಪಿಸಿದರು. ಅಲೆಯೆದ್ದ ನೀರು ಕರ್ಮ, ಕಮಲ ಭಕ್ತಿ, ಹುಟ್ಟುವ ಸೂರ್ಯ ಜ್ಞಾನ, ಸುತ್ತಿಕೊಂಡ ಹಾವು ಯೋಗ. ನಡುವಿನ ಹಂಸ ಪರಮಾತ್ಮ. ಒಂದು ಚಿತ್ರಕ್ಕೆ ಇಷ್ಟು ಜಾಸ್ತಿ ಆಯ್ತು ಅಂತ ಇವತ್ತಿನ ಡಿಸೈನರ್ ಹೇಳಬಹುದು. ನನಗೂ ಸ್ವಲ್ಪ ಹಾಗೇ ಅನ್ನಿಸುತ್ತದೆ.

ಆದರೆ ಅವರ ಧ್ಯೇಯವಾಕ್ಯ ನೋಡಿ: ‘ಆತ್ಮನೋ ಮೋಕ್ಷಾರ್ಥಂ ಜಗದ್ಧಿತಾಯ ಚ’. ತನ್ನ ಮುಕ್ತಿಗೆ, ಲೋಕದ ಹಿತಕ್ಕೂ. ಇದರ ಜೀವ ಇರುವುದು ಕೊನೆಯ ‘ಚ’ದಲ್ಲಿ, ಅಂದರೆ ‘ಮತ್ತು’ ಎಂಬಲ್ಲಿ. ಸನ್ಯಾಸಿ ಅಂದರೆ ತನ್ನ ಮೋಕ್ಷದ ದಾರಿ ಹಿಡಿದವನು, ಅವನಿಗೆ ಆಸ್ಪತ್ರೆ, ಶಾಲೆ, ಬರ ಪರಿಹಾರದ ಉಸಾಬರಿ ಯಾಕೆ ಎಂಬ ಸಂಶಯ ವಿವೇಕಾನಂದರ ಜೊತೆಗಾರ ಸನ್ಯಾಸಿಗಳಲ್ಲೇ ಕೆಲವರಿಗಿತ್ತು. ಆ ಜಗಳಕ್ಕೆ ಒಂದಕ್ಷರದ ಉತ್ತರ ಅದು. ಎರಡರಲ್ಲಿ ಒಂದನ್ನು ಬಿಟ್ಟರೂ ಮಾತು ತಪ್ಪಿದಂತೆ.

ಇನ್ನೊಂದು ಕಥೆ ಲಂಡನ್ನಿನದು. ಪ್ರೂಫ್ ತಿದ್ದುವವರಿಗೆಲ್ಲ ಇದು ಇಷ್ಟ. ವಿಲಿಯಂ ಬೂತ್ ಎಂಬ ಪಾದ್ರಿ 1865ರಿಂದ ಪೂರ್ವ ಲಂಡನ್ನಿನ ಬಡವರ ನಡುವೆ ಕೆಲಸ ಮಾಡುತ್ತಿದ್ದರು. ಸಂಸ್ಥೆಯ ಹೆಸರು ಕ್ರಿಶ್ಚಿಯನ್ ಮಿಷನ್. ಅಂಥ ಹೆಸರಿನವು ಬೀದಿಗೊಂದು. 1878ರಲ್ಲಿ ವಾರ್ಷಿಕ ವರದಿ ಸಿದ್ಧವಾಗುತ್ತಿತ್ತು. ಅದರಲ್ಲಿ ‘ನಮ್ಮದು ವಾಲಂಟಿಯರ್ ಆರ್ಮಿ’ ಎಂಬರ್ಥದ ಸಾಲೊಂದಿತ್ತು. ಬೂತ್ ಅವರ ಮಗ ಬ್ರಾಮ್‌ವೆಲ್ ಅದಕ್ಕೆ ಒಪ್ಪಲಿಲ್ಲ. ಆಗ ಇಂಗ್ಲೆಂಡಿನಲ್ಲಿ ವಾಲಂಟಿಯರ್ ಅಂದರೆ ಬಿಡುವಿದ್ದಾಗ ಕವಾಯತು ಮಾಡುವ ಅರೆಕಾಲಿಕ ಸಿಪಾಯಿ, ಜನ ನಗುತ್ತಿದ್ದರು. ನಾನು ಅಂಥವನಲ್ಲ, ಪೂರ್ತಿ ಸಿಪಾಯಿ ಅಂದರು ಮಗ. ಅಪ್ಪ ಪೆನ್ನು ತೆಗೆದುಕೊಂಡು ‘ವಾಲಂಟಿಯರ್’ ಹೊಡೆದು ಹಾಕಿ ‘ಸಾಲ್ವೇಶನ್’ ಅಂತ ಬರೆದರು. ಹುಟ್ಟಿದ್ದು ಸಾಲ್ವೇಶನ್ ಆರ್ಮಿ, ಅಂದರೆ ಮುಕ್ತಿ ಸೇನೆ.

ಒಂದು ಪದ ಬಿತ್ತು, ಮುಂದಿನದೆಲ್ಲ ಅದರ ಹಿಂದೆಯೇ ಬಂತು. ಸೇನೆ ಅಂದ ಮೇಲೆ ಸಮವಸ್ತ್ರ ಬೇಕಲ್ವಾ? ಬಾವುಟ, ಬ್ಯಾಂಡ್ ಸೆಟ್ಟು, ಕ್ಯಾಪ್ಟನ್, ಜನರಲ್ ಎಲ್ಲ ಬಂದವು. ಅವರಲ್ಲಿ ಯಾರಾದರೂ ತೀರಿಕೊಂಡರೆ ‘ಬಡ್ತಿ ಸಿಕ್ಕಿತು’ ಎಂಬ ರೀತಿಯಲ್ಲಿ ಹೇಳುತ್ತಾರೆ. 1882ರಲ್ಲಿ ಈ ಸೇನೆಯ ಫ್ರೆಡರಿಕ್ ಟಕ್ಕರ್ ಮತ್ತು ಸಂಗಡಿಗರು ಮುಂಬಯಿಗೆ ಬಂದಿಳಿದಾಗ ಆ ಹೆಸರನ್ನು ಹಾಗೇ ಹೇರಲಿಲ್ಲ. ಇಲ್ಲಿ ಅದು ‘ಮುಕ್ತಿ ಫೌಜ್’ ಆಯಿತು. ಕೋಟು ಬಿಟ್ಟು ಇಲ್ಲಿನ ಬಟ್ಟೆ ಹಾಕಿಕೊಂಡರು. ಟಕ್ಕರ್ ತಮ್ಮ ಹೆಸರನ್ನೂ ಫಕೀರ್ ಸಿಂಗ್ ಅಂತ ಇಟ್ಟುಕೊಂಡರು. ಮತಪ್ರಚಾರದ ಬಗ್ಗೆ ನಿಮಗೆ ಬೇರೆ ಅಭಿಪ್ರಾಯ ಇರಬಹುದು, ಅದು ಇನ್ನೊಂದು ದಿನದ ಚರ್ಚೆ. ನಾನು ಹೇಳುತ್ತಿರುವುದು ಪದದ ಬಗ್ಗೆ. ಇಟ್ಟುಕೊಂಡ ಪದ ಅವರ ಬೆನ್ನ ಮೇಲೆ ಕೂತು ಕೆಲಸ ಮಾಡಿಸಿತು. ‘ಸಮಗ್ರ’ ನಿಮ್ಮಿಂದ ಏನು ಕೆಲಸ ಮಾಡಿಸೀತು?

ನಮ್ಮಲ್ಲೇ ನೋಡಿ, ಸಿದ್ಧಗಂಗಾ ಮಠ. ತ್ರಿವಿಧ ದಾಸೋಹ: ಅನ್ನ, ಅಕ್ಷರ, ಆಶ್ರಯ. ಶಾಲೆಗೆ ಹೋಗದ ಅಜ್ಜಿಗೂ ಈ ಮೂರು ಪದ ಅರ್ಥವಾಗುತ್ತವೆ. ಮೂರಕ್ಕೂ ಲೆಕ್ಕ ಕೇಳಬಹುದು. ಇವತ್ತು ಊಟ ಹಾಕಿದಿರಾ? ಪಾಠ ಆಯ್ತಾ? ಮಲಗಲು ಜಾಗ ಇದೆಯಾ? ‘ದಾಸೋಹ’ ಶರಣರ ಕಾಲದ ಪದ. ಅದನ್ನು ‘ಚಾರಿಟಿ’ ಅಂತ ಬದಲಿಸಿದರೆ ಕೊಡುವವನು ಮೇಲೆ ಹೋಗಿಬಿಡುತ್ತಾನೆ. ದಾಸೋಹದಲ್ಲಿ ಕೊಡುವವನೇ ದಾಸ. ಇಂಥ ಪದ ಕೈಯಲ್ಲಿದ್ದೂ ನೀವು ‘ಮೌಲ್ಯಾಧಾರಿತ’ ಅಂತ ಬರೆದಿದ್ದೀರಿ. ಇದಕ್ಕೆ ಮಾತ್ರ ನನಗೆ ನಿಜಕ್ಕೂ ಸಿಟ್ಟು ಬಂತು.

ಹೆಸರಿನ ವಿಷಯ. ಕಾಲೇಜು ವಿದ್ಯಾರ್ಥಿಗಳ ನಡುವೆ ಕ್ರೈಸ್ತ ಮತಪ್ರಚಾರ ಮಾಡುವ ಅಮೆರಿಕದ ಕ್ಯಾಂಪಸ್ ಕ್ರುಸೇಡ್ ಫಾರ್ ಕ್ರೈಸ್ಟ್ ಸಂಸ್ಥೆ 2011ರಲ್ಲಿ ಅಲ್ಲಿ ತನ್ನ ಹೆಸರನ್ನು ‘ಕ್ರೂ’ ಅಂತ ಬದಲಿಸುವುದಾಗಿ ಘೋಷಿಸಿತು. ಕ್ರುಸೇಡ್ ಅಂದರೆ ಧರ್ಮಯುದ್ಧ, ಆ ಪದ ಕೇಳಿದರೆ ಕೆಲವರು ಹತ್ತಿರವೇ ಬರುವುದಿಲ್ಲ ಎಂಬುದು ಒಂದು ಕಾರಣ. ಆದರೆ ಕ್ರೈಸ್ಟ್ ಹೆಸರೂ ಹೋಯಿತಲ್ಲ ಅಂತ ಸ್ವಂತ ಬೆಂಬಲಿಗರಲ್ಲೇ ಗದ್ದಲ ಎದ್ದಿತು. ಇನ್ನೊಂದು ಕಡೆ ಅಕ್ಷಯ ಪಾತ್ರ. ಬೆಂಗಳೂರಿನ ಇಸ್ಕಾನ್ ದೇವಸ್ಥಾನದವರು 2000ದಲ್ಲಿ 5 ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಊಟ ಕೊಡಲು ಶುರು ಮಾಡಿದ್ದು. ಹೆಸರು ನೇರವಾಗಿ ಮಹಾಭಾರತದ್ದು. ಅದನ್ನು ಮುಚ್ಚಿಡಲಿಲ್ಲ, ಆದರೂ ಕಂಪನಿಗಳು ದುಡ್ಡು ಕೊಟ್ಟವು. ಅವರು ಪ್ರತ್ಯೇಕ ಟ್ರಸ್ಟ್ ಮಾಡಿಕೊಂಡರು, ಲೆಕ್ಕಪತ್ರ ಬೇರೆ ಇಟ್ಟರು. ಕಂಪನಿಗಳು ಸಮಾಜಸೇವೆಯ (ಸಿಎಸ್‌ಆರ್) ದುಡ್ಡನ್ನು ಯಾವ ಕೆಲಸಗಳಿಗೆ ಕೊಡಬಹುದು ಎಂಬ ಪಟ್ಟಿ 2013ರ ಕಂಪನಿ ಕಾಯ್ದೆಯ ಏಳನೇ ಪರಿಶಿಷ್ಟ. ಅದರಲ್ಲಿ ಹಸಿವು ನೀಗಿಸುವುದೂ ಇದೆ, ಶಿಕ್ಷಣವೂ ಇದೆ. ನಿಮ್ಮ ಹಾಸ್ಟೆಲ್ ಎರಡಕ್ಕೂ ಸಲ್ಲುತ್ತದೆ. ಹಾಗಾಗಿ ಮಠದ ಹೆಸರು ಅಳಿಸುವ ಮೊದಲು ಆಡಿಟರನ್ನು ಕರೆಸಿ, ನೋಂದಣಿ ಕಾಗದಗಳು ಸರಿ ಇವೆಯಾ ನೋಡಿ. ಅರ್ಜಿ ಅಲ್ಲೇ ಸಿಕ್ಕಿಕೊಂಡಿರಬಹುದು.

ಇನ್ನು ತಿದ್ದಿ ಕೊಡುವ ಕೆಲಸ. ನಿಮ್ಮ ಪತ್ರದ ಕೊನೆಯಲ್ಲಿ, ಸಹಿಗೆ ಮುಂಚೆ, ಸುಮ್ನೆ ಎಂಬಂತೆ ಒಂದು ಮಾತು ಬರೆದಿದ್ದೀರಿ: ‘ಕೊನೇ ಬಸ್ಸಿಗೆ ಯಾರಾದರೂ ಹುಡುಗ ಬಂದಾನು ಅಂತ ಹಿರಿಯ ಸ್ವಾಮಿಗಳ ಕಾಲದಿಂದ ರಾತ್ರಿ ಒಂದು ಸೇರು ಅಕ್ಕಿ ಜಾಸ್ತಿ ಹಾಕುತ್ತೇವೆ.’

ಸ್ವಾಮಿ, ನಿಮ್ಮ ವಿಷನ್ ಅದೇ. ಏಜೆನ್ಸಿಯವರು ಎರಡು ತಿಂಗಳು ಕೂತರೂ ಇಂಥದ್ದು ಹುಟ್ಟುವುದಿಲ್ಲ. ಅವರನ್ನು ಕರೆಸಿ, ತಪ್ಪಿಲ್ಲ. ಆದರೆ ಮೀಟಿಂಗ್ ಹಾಲಿನಲ್ಲಿ ಕೂರಿಸಿ ಪ್ರೊಜೆಕ್ಟರ್ ಹಾಕಬೇಡಿ. ರಾತ್ರಿ ಒಂಬತ್ತರ ಮೇಲೆ ಅಡುಗೆಮನೆಗೆ ಕರೆದುಕೊಂಡು ಹೋಗಿ. ಅಡುಗೆ ಭಟ್ಟರ ಜೊತೆ ಮಾತಾಡಲಿ. ಟ್ಯಾಗ್‌ಲೈನ್ ಬರೆದ ಮೇಲೆ ಅದನ್ನು ಭಟ್ಟರಿಗೇ ಓದಿ ಹೇಳಿ. ಅವರು ‘ಹೌದು, ನಾವು ಮಾಡೋದು ಅದನ್ನೇ’ ಅಂದರೆ ಇಟ್ಟುಕೊಳ್ಳಿ. ಕೈ ಒರೆಸಿಕೊಳ್ಳುತ್ತಾ ‘ಚೆನ್ನಾಗಿದೆ ಸಾರ್’ ಅಂದರೆ ಬಿಟ್ಟುಬಿಡಿ.

ನನ್ನದೊಂದು ಕರಡು, ಬೇಕಾದರೆ ಬಳಸಿ: ‘ಕೊನೆಯ ಬಸ್ಸಿಗೆ ಬಂದ ಮಗುವಿಗೂ ಅನ್ನ ಇದೆ.’ ‘ಮಗು’ ಬದಲು ‘ಹುಡುಗ’ ಹಾಕೋಣ ಅಂತ ಯಾರಾದರೂ ಅಂದರೆ, ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಯಾವಾಗ ಅಂತ ಆ ಸಭೆಯಲ್ಲೇ ಕೇಳಿ. ಮತ್ತೆ, ಗೇಟಿನ ಮೇಲೆ ಪೇಂಟರ್ ಕೈಯಲ್ಲಿ ಬರೆಸಿದ ಹಳೇ ಬೋರ್ಡು ಇದೆ ಅಂದಿದ್ದೀರಲ್ಲ, ಅದನ್ನು ಗುಜರಿಗೆ ಹಾಕುವ ಮೊದಲು ನನಗೊಂದು ಫೋಟೋ ಕಳಿಸಿ.

— ಸಂಪಾದಕ